ಫಸ್ಟ್ ಪ್ರೆಸ್ಸಿಂಗ್ ಎಂದು ನಂಬಿಸಿ ಮರುಮುದ್ರಣ ಕೊಟ್ಟರು: ಹಳೆಯ ಎಲ್‌ಪಿ ರೆಕಾರ್ಡ್ ಕೊಳ್ಳುವವರು ಎಚ್ಚರದಿಂದಿರಿ

ಕಂಟ್ರಿ ರಾಕ್ (ಅಮೆರಿಕದ ಹಳ್ಳಿಗಾಡಿನ ಹಾಡು ಮತ್ತು ರಾಕ್ ಬೆರೆತ ಸಂಗೀತ) ಕೇಳುವವರಿಗೆಲ್ಲ ಗೊತ್ತಿರುವ ಈಗಲ್ಸ್ ತಂಡದ 1971ರಿಂದ 1975ರವರೆಗಿನ ಜನಪ್ರಿಯ ಹಾಡುಗಳ ಸಂಕಲನವನ್ನು, 1976ರ ಫಸ್ಟ್ ಪ್ರೆಸ್ಸಿಂಗ್ (ಆಲ್ಬಂ ಮೊದಲು ಬಿಡುಗಡೆಯಾದಾಗಿನ ಮುದ್ರಣ) ಎಂಬ ಭರವಸೆಯ ಮೇಲೆ, ಲಾಸ್ ಏಂಜಲೀಸ್‌ನ ಒಬ್ಬ ಮಾರಾಟಗಾರರಿಂದ 60 ಡಾಲರ್ ಕೊಟ್ಟು ತರಿಸಿಕೊಂಡೆ. ಬಂದದ್ದು ಸವೆದುಹೋದ ಮರುಮುದ್ರಣ. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ರೆಕಾರ್ಡ್ ಹುಡುಕುವ ಕನ್ನಡಿಗರು ನನ್ನ ಪರಿಚಯದಲ್ಲೇ ಹಲವರಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಜಾಹೀರಾತಿನಲ್ಲಿ ‘ಅಪರೂಪ’, ‘ವಿಜಿ ಪ್ಲಸ್’ (ವೆರಿ ಗುಡ್ ಪ್ಲಸ್, ಬಳಸಿದ್ದರೂ ಚೆನ್ನಾಗಿ ಉಳಿದ ರೆಕಾರ್ಡಿಗೆ ಕೊಡುವ ದರ್ಜೆ), ‘ನುಡಿಸಿ ಪರೀಕ್ಷಿಸಲಾಗಿದೆ’ ಎಂದೆಲ್ಲ ಇತ್ತು. ಅಮೆರಿಕದಲ್ಲಿ ಭಾರಿ ಮಾರಾಟಕ್ಕೆ ಕೊಡುವ ಪ್ಲಾಟಿನಂ ಮನ್ನಣೆ ಪಡೆದ ಮೊಟ್ಟಮೊದಲ ಆಲ್ಬಂ ಇದು, 2018ರ ಲೆಕ್ಕದಲ್ಲಿ 3.8 ಕೋಟಿ ಪ್ರತಿಗಳ ಮಟ್ಟ ಮುಟ್ಟಿದೆ, ಅಪರೂಪ ಹೇಗಾದೀತು ಎಂಬುದು ನನಗೂ ತಿಳಿದಿತ್ತು. ನಾನು ಬೆಲೆ ಕೊಟ್ಟದ್ದು ಚೆನ್ನಾಗಿ ಉಳಿದ ಮೊದಲ ಮುದ್ರಣಕ್ಕೆ. ಅದನ್ನು ಸ್ಪಷ್ಟವಾಗಿ ಕೇಳಿಯೂ ಇದ್ದೆ. “ನಮ್ಮೂರಿನಲ್ಲೇ ಹುಟ್ಟಿದ ತಂಡ, ನಮಗೆ ಗೊತ್ತಾಗುವುದಿಲ್ಲವೇ?” ಎಂಬ ಉತ್ತರ ಬಂದಿತ್ತು. ಈಗ ಆ ಸಾಲನ್ನು ಓದಿದರೆ ಮೈ ಉರಿಯುತ್ತದೆ.

ಮೊದಲ ಪ್ರತಿಗಳ ಕವರಿನ ಮೇಲಿನ ಹದ್ದಿನ ತಲೆಬುರುಡೆ ಉಬ್ಬಿಕೊಂಡು ಕೈಗೆ ಸಿಗುತ್ತದೆ. ನನಗೆ ಬಂದದ್ದು ಕ್ಯಾಲೆಂಡರಿನ ಹಾಳೆಯಂತೆ ನುಣ್ಣಗಿತ್ತು. ಅನುಮಾನದಿಂದ ಹಿಂದೆ ತಿರುಗಿಸಿದರೆ, ಮೂಲೆಯಲ್ಲಿ ಬಾರ್‌ಕೋಡ್! ಇಲ್ಲಿನ ರೆಕಾರ್ಡ್ ಕವರುಗಳ ಮೇಲೆ ಬಾರ್‌ಕೋಡ್ ಬರತೊಡಗಿದ್ದೇ 1970ರ ದಶಕ ಮುಗಿಯುತ್ತ ಬಂದಾಗ. 1976ರ ಕವರಿಗೆ ಅದು ಎಲ್ಲಿಂದ ಬರಬೇಕು? ಜಾಹೀರಾತಿನಲ್ಲಿ ಹಿಂಬದಿಯ ಚಿತ್ರವನ್ನೇ ಹಾಕದೆ, ಲೇಬಲ್ಲಿನ ಚಿತ್ರವನ್ನು ಮಬ್ಬಾಗಿ ತೆಗೆದದ್ದು ಏಕೆಂದು ಆಗ ಹೊಳೆಯಿತು. ಲೇಬಲ್ ನೋಡಿದೆ: ಮೊದಲ ಮುದ್ರಣದ ಕ್ಯಾಟಲಾಗ್ ಸಂಖ್ಯೆ 7ಇ-1052 ಇರಬೇಕಾದಲ್ಲಿ ಮರುಮುದ್ರಣದ 6ಇ-105 ಇತ್ತು.

ಹೋಗಲಿ, ಕೇಳಲಾದರೂ ಚೆನ್ನಾಗಿದ್ದರೆ ಸಾಕೆಂದುಕೊಂಡೆ. ಸ್ನೇಹಿತರನ್ನು ಬೇರೆ ಕರೆದುಬಿಟ್ಟಿದ್ದೆ. ‘ಟೇಕ್ ಇಟ್ ಈಸಿ’ ಹೇಗೋ ದಾಟಿತು, ಬ್ಯಾಂಜೊ ಕೂಡ ಕೇಳಿಸಿತು. ಮೊದಲ ಬದಿಯ ಕೊನೆಯ ಹಾಡಾದ ‘ಡೆಸ್ಪರಾಡೊ’ ಬರುವ ಹೊತ್ತಿಗೆ ಪಿಯಾನೊ ಒಡೆದು, ಹಾಡುವವನ ಪ್ರತಿ ಸಕಾರವೂ ಬುಸುಗುಟ್ಟತೊಡಗಿತು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಗ್ರೂವ್ (ನಾದವನ್ನು ಕೊರೆದಿರುವ ಗೆರೆ) ಸಾಗಿದರೆ, ಲೇಬಲ್ಲಿನ ಹತ್ತಿರ ಅದರ ಅರ್ಧದಷ್ಟೂ ಸಾಗುವುದಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಕೊರೆದ ನಾದವನ್ನು ಯಾರದೋ ಸವೆದ ಸೂಜಿ, ಆ ಸೂಜಿಯನ್ನು ಹಿಡಿದ ಭಾರದ ತೋಳು ವರ್ಷಗಟ್ಟಲೆ ಕೆರೆದಿರುವಾಗ ಹಾನಿ ಅಲ್ಲೇ ಹೆಚ್ಚು ಕೇಳಿಸುತ್ತದೆ. ತಟ್ಟೆಯ ಮೇಲೆ ಒಂದು ಗೀರೂ ಕಾಣುತ್ತಿರಲಿಲ್ಲ. “ಇದಕ್ಕೇನಾ ಅಷ್ಟು ದುಡ್ಡು ಕೊಟ್ಟದ್ದು?” ಎಂದು ಸ್ನೇಹಿತನೊಬ್ಬ ಕೇಳಿದಾಗ ನನಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

ಆ ಮಾರಾಟಗಾರ ಮಹಾಶಯರ ಉತ್ತರಗಳು ಇನ್ನೂ ಸೊಗಸು. ಮೊದಲು, “ನಿಮ್ಮ ಸೂಜಿ ಹಾಳಾಗಿರಬೇಕು.” ಬೇರೆ ರೆಕಾರ್ಡುಗಳು ಅದೇ ಸೂಜಿಯಲ್ಲಿ ನಿರ್ಮಲವಾಗಿ ನುಡಿಯುತ್ತಿವೆ ಎಂದೆ. “ಹಳೆಯ ರೆಕಾರ್ಡ್ ಎಂದರೆ ಸದ್ದು ಇದ್ದೇ ಇರುತ್ತದೆ, ಅದೇ ಅದರ ಸೊಬಗು.” ಧೂಳಿನ ಚಟಪಟ ಬೇರೆ, ಗ್ರೂವ್ ಸವೆದು ದನಿ ಒಡೆಯುವುದು ಬೇರೆ ಎಂಬುದು ಈ ವ್ಯಾಪಾರದಲ್ಲಿ ಇರುವವರಿಗೆ ತಿಳಿಯದೇ? ಬಾರ್‌ಕೋಡಿನ ಚಿತ್ರ ಕಳಿಸಿದರೆ, “ಕವರನ್ನು ಹಿಂದಿನ ಯಜಮಾನರು ಬದಲಾಯಿಸಿರಬಹುದು, ತಟ್ಟೆ ಮಾತ್ರ ಅಸಲಿ” ಎಂದರು. ಲೇಬಲ್ಲಿನ ಸಂಖ್ಯೆಯ ಚಿತ್ರ ಕಳಿಸಿದ ಮೇಲೆ ಮಾತೇ ತಿರುಗಿತು: “ವಿಜಿ ಪ್ಲಸ್ ಎಂಬುದು ಕಣ್ಣಿಗೆ ಕಂಡದ್ದಕ್ಕೆ ಕೊಟ್ಟ ದರ್ಜೆ, ನಾವು ಪೂರ್ತಿ ನುಡಿಸಿ ನೋಡುವುದಿಲ್ಲ.” ಹಾಗಿದ್ದರೆ ನುಡಿಸಿ ಪರೀಕ್ಷಿಸಲಾಗಿದೆ ಎಂದು ಬರೆದವರು ಯಾರು? ಅದಕ್ಕೆ ಇಂದಿಗೂ ಉತ್ತರವಿಲ್ಲ. ಹಿಂದಿರುಗಿಸಬೇಕಾದರೆ ಅಂಚೆ ವೆಚ್ಚವೂ ನನ್ನದೇ, ಅದರ ಮೇಲೆ ‘ನಿರ್ವಹಣಾ ಶುಲ್ಕ’ವನ್ನೂ ಕಡಿದುಕೊಳ್ಳುತ್ತಾರಂತೆ. ಸುಳ್ಳು ಹೇಳಿದವರು ಅವರು, ಶುಲ್ಕ ಕಟ್ಟಬೇಕಾದವನು ನಾನು!

ಕವರಿನ ಹಿಂಬದಿ, ಲೇಬಲ್ಲಿನ ಸಂಖ್ಯೆ, ತಟ್ಟೆಯ ಮೇಲೆ ಲೇಬಲ್ಲಿನ ಸುತ್ತ ಸಂಖ್ಯೆ ಕೊರೆದಿರುವ ಒಳ ಅಂಚು, ಇವುಗಳ ಸ್ಪಷ್ಟ ಚಿತ್ರ ಕೈಗೆ ಬರುವ ಮೊದಲು ಹಣ ಕೊಡಬೇಡಿ. ಪ್ರತಿ ಬದಿಯ ಕೊನೆಯ ಹಾಡನ್ನು ನುಡಿಸಿ ಧ್ವನಿಮುದ್ರಿಸಿ ಕಳಿಸಲು ಹೇಳಿ. ಅಷ್ಟು ಮಾಡಲಾಗದವರು ವಿಜಿ ಪ್ಲಸ್ ಎಂದರೂ, ತಮ್ಮೂರಿನ ತಂಡ ಎಂದರೂ ನಂಬಬೇಡಿ.