ಬೆಳಕು ಕೇಳಿದೆವು, ನೆರಳು ಮರೆತೆವು: ನಮ್ಮ ಆರ್ಕಿಟೆಕ್ಟ್ ಬಗ್ಗೆ ಎರಡು ವರ್ಷದ ಮೇಲೆ ಒಂದು ರಿವ್ಯೂ

ಮೊದಲೇ ಮಾರ್ಕ್ಸ್ ಹೇಳಿಬಿಡುತ್ತೇನೆ. ಐದಕ್ಕೆ ಮೂರೂವರೆ. ಗೃಹಪ್ರವೇಶ ಆದ ವಾರವೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಆಗ ಡಿಸೆಂಬರ್, ಮನೆ ತುಂಬಾ ಹಿತವಾದ ಬಿಸಿಲು, ಬಂದವರೆಲ್ಲ ಹಾಲ್ ಮಧ್ಯೆ ನಿಂತು ತಲೆಯೆತ್ತಿ ನೋಡುವವರೇ. ಆಮೇಲೆ ಏಪ್ರಿಲ್ ಬಂತು.

ಹೆಸರು ಬರೆಯುತ್ತಿಲ್ಲ. ಇಬ್ಬರು ಸೇರಿ ನಡೆಸುವ ಚಿಕ್ಕ ಆಫೀಸು, ನಮ್ಮ ಮೈಸೂರಿನದೇ. ಜಗಳವೇನೂ ಆಗಿಲ್ಲ, ಈಗಲೂ ಫೋನ್ ಮಾಡಿದರೆ ಎತ್ತುತ್ತಾರೆ. ಬೆಳಕಿನ ಮನೆ ಕಟ್ಟಿಸಬೇಕು ಅಂತ ಹೊರಟವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ, ಅಷ್ಟೇ.

ಸೈಟು 30×40, ಪಶ್ಚಿಮಕ್ಕೆ ಮುಖ. ಹಿಂದೆ ಮೂರು ಅಂತಸ್ತಿನ ಕಟ್ಟಡ, ಹಾಗಾಗಿ ಬೆಳಗಿನ ಬಿಸಿಲಿನ ಆಸೆ ಬಿಡಬೇಕು. ಉತ್ತರಕ್ಕೆ ಹಳೇ ಒಂದಂತಸ್ತಿನ ಮನೆ, ದಕ್ಷಿಣಕ್ಕೆ ಖಾಲಿ ಸೈಟು. ಇವರಿಗಿಂತ ಮುಂಚೆ ಮೂರು ಕಡೆ ವಿಚಾರಿಸಿದ್ದೆವು. ಅವರೆಲ್ಲ ಕೇಳಿದ್ದು ಎಷ್ಟು ಬೆಡ್‌ರೂಮು, ಎಷ್ಟು ಕಾರು. ಇವರು ಮಾತ್ರ ಸೈಟಿಗೆ ಬೆಳಿಗ್ಗೆ ಒಮ್ಮೆ, ನಡು ಮಧ್ಯಾಹ್ನ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಬಂದು ನಿಂತರು, ಅಮ್ಮ ಪೇಪರ್ ಎಲ್ಲಿ ಕೂತು ಓದುತ್ತಾರೆ, ನೀವು ಸಂಜೆ ಕಾಫಿ ಎಲ್ಲಿ ಕುಡಿಯುತ್ತೀರಿ ಅಂತೆಲ್ಲ ಕೇಳಿದರು. "ಪಕ್ಕದ ಖಾಲಿ ಸೈಟಿನ ಬೆಳಕು ನಿಮ್ಮದಲ್ಲ, ನಾಳೆ ಅವರು ಕಟ್ಟಿದರೆ ಹೋಯ್ತು, ಅದನ್ನು ಲೆಕ್ಕಕ್ಕೆ ತಗೋಬೇಡಿ" ಅಂದರು. ಆ ಒಂದು ಮಾತಿಗೇ ನಾನು ಒಪ್ಪಿಬಿಟ್ಟೆ.

ಅವರ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಪಶ್ಚಿಮದ ಗೋಡೆ. ಪಶ್ಚಿಮದ ಕಿಟಕಿಗೆ ಎಷ್ಟೇ ಉದ್ದದ ಸಜ್ಜಾ ಹಾಕಿದರೂ ಪ್ರಯೋಜನ ಕಡಿಮೆ, ಯಾಕಂದ್ರೆ ಸಂಜೆ ಸೂರ್ಯ ಕೆಳಗಿರುತ್ತಾನೆ, ಬಿಸಿಲು ಸಜ್ಜಾದ ಅಡಿಯಿಂದ ಅಡ್ಡಡ್ಡ ನುಗ್ಗುತ್ತದೆ. ಅದಕ್ಕೆ ಇವರು ಆ ಕಡೆಗೆ ಮೆಟ್ಟಿಲು ಮತ್ತು ಬಚ್ಚಲು ಇಟ್ಟರು, ಹಾಲನ್ನು ಒಳಗೆ ಸರಿಸಿದರು, ಮೆಟ್ಟಿಲಿನ ಗೋಡೆಗೆ ಮೇಲಿಂದ ಕೆಳಗಿನ ತನಕ ಇಟ್ಟಿಗೆಯ ಜಾಲಿ, ಅಂದರೆ ಚೌಕ ತೂತುಗಳ ಗೋಡೆ, ಕಟ್ಟಿಸಿದರು. ಸಂಜೆ ಬಿಸಿಲಿನ ಪೆಟ್ಟೆಲ್ಲ ಅದೇ ತಿನ್ನುತ್ತದೆ. ವಾಸ್ತು ನೋಡುವವರೂ ತಕರಾರು ಎತ್ತಲಿಲ್ಲ, ಅದೊಂದು ಪುಣ್ಯ. ನಾಲ್ಕು ಗಂಟೆ ದಾಟಿತು ಅಂದರೆ ಜಾಲಿಯ ನೆರಳು ಮೆಟ್ಟಿಲ ಮೇಲೆ ಚೌಕ ಚೌಕವಾಗಿ ಬೀಳುತ್ತದೆ, ಹೊತ್ತು ಇಳಿದಂತೆ ಮನೆ ಒಳಗೆ ನಡೆದುಕೊಂಡು ಬರುತ್ತದೆ. ಡಿಸೆಂಬರ್‌ನಲ್ಲಿ ಉತ್ತರದ ಗೋಡೆ ಮೇಲಿದ್ದ ಚೌಕಗಳು ಮೇ ಹೊತ್ತಿಗೆ ದಕ್ಷಿಣದ ಗೋಡೆಗೆ ಹೋಗಿರುತ್ತವೆ. ಮೊದಲ ವರ್ಷ ಇದನ್ನು ಗಮನಿಸಿಯೇ ಇರಲಿಲ್ಲ.

ಜಾಲಿಯಲ್ಲಿ ತೊಂದರೆ ಇಲ್ಲ ಅಂತಲ್ಲ. ಧೂಳು, ಜೇಡರ ಬಲೆ, ಮುಂಗಾರಿನಲ್ಲಿ ಎರಚಲು. ಒಳಗಡೆಯಿಂದ ಸೊಳ್ಳೆ ಪರದೆ ಹಾಕಿಸಿಕೊಳ್ಳಿ, ತಿಂಗಳಿಗೊಮ್ಮೆ ಬ್ರಷ್ ಹಿಡಿದು ಕೂರುವ ಮನಸ್ಸೂ ಇರಲಿ.

ಈಗ ಬೈಗುಳದ ಭಾಗ. ಮೊದಲ ಮೀಟಿಂಗಿನಲ್ಲೇ ಲ್ಯಾಪ್‌ಟಾಪ್ ತೆಗೆದು ಬೆಂಗಳೂರಿನ ಐಐಎಂ ಫೋಟೋಗಳನ್ನು ತೋರಿಸಿದ್ದರು. ಬಿ. ವಿ. ದೋಶಿ ಮಾಡಿದ್ದು, 2018ರಲ್ಲಿ ಆರ್ಕಿಟೆಕ್ಟ್‌ಗಳ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂದವರು, ಭಾರತಕ್ಕೆ ಅದು ಬಂದಿದ್ದೇ ಮೊದಲು. ಕಲ್ಲಿನ ಗೋಡೆ, ಉದ್ದದ ಓಣಿ, ಮೇಲೆ ತೊಲೆಗಳ ಸಾಲು, ನೆಲದ ಮೇಲೆ ಪಟ್ಟೆ ಪಟ್ಟೆ ನೆರಳು. ನಾವು ಮರುಳಾದೆವು. ಹಾಲ್ ಮಧ್ಯೆ ಮೇಲ್ಛಾವಣಿಯನ್ನು 6×6 ಅಡಿ ತೆರೆದು ಅದೇ ತರಹ ಕೊಡುತ್ತೇವೆ ಅಂದರು. ಆದರೆ ಅಲ್ಲಿ ಆ ಓಣಿಗಳ ಮೇಲೆ ಗಾಜಿಲ್ಲ ಸ್ವಾಮಿ! ತೊಲೆಗಳ ನಡುವೆ ಆಕಾಶ, ಬಳ್ಳಿ, ಬಿಸಿ ಗಾಳಿ ಹೊರಗೆ ಹೋಗೋಕೆ ದಾರಿ. ನಮ್ಮಲ್ಲಿ ಮಳೆ, ಕಳ್ಳರು, ಕೋತಿ ಎಲ್ಲ ಲೆಕ್ಕ ಹಾಕಿ ಮೇಲೆ ಟಫನ್ಡ್ ಗಾಜು ಕೂರಿಸಿ ಸುತ್ತಲೂ ಸಿಲಿಕೋನ್ ಬಳಿದು ಸೀಲ್ ಮಾಡಿದರು. ಬೆಳಕಿನ ಜೊತೆ ಒಳಗೆ ಬಂದ ಶಾಖ ಎಲ್ಲಿಗೆ ಹೋಗಬೇಕು?

ನಮ್ಮ ಊರು ಸುಮಾರು 12.3 ಡಿಗ್ರಿ ಅಕ್ಷಾಂಶದಲ್ಲಿದೆ. ಅಂದರೆ ವರ್ಷಕ್ಕೆ ಎರಡು ಸಲ ಮಧ್ಯಾಹ್ನದ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ, ಏಪ್ರಿಲ್ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಮ್ಮೆ. ಆಗಸ್ಟಿನದು ಮೋಡದಲ್ಲಿ ಮುಚ್ಚಿಹೋಗುತ್ತದೆ. ಏಪ್ರಿಲ್‌ನದು ನೇರ ನಮ್ಮ ಸೋಫಾ ಮೇಲೆ. ಹಳೇ ಹೆಂಚಿನ ಮನೆಗಳಲ್ಲಿ ಎರಡು ಗಾಜಿನ ಹೆಂಚು ಇಡೀ ಅಡುಗೆಮನೆಗೆ ಸಾಕಾಗುತ್ತಿತ್ತು, ನಮ್ಮದೋ 36 ಚದರ ಅಡಿ. ಅಮ್ಮ ಮೊದಲ ಬೇಸಿಗೆಯಲ್ಲೇ ಹೇಳಿದರು, "ಹಾಲಲ್ಲಿ ಹಪ್ಪಳ ಒಣಗಿಸಬಹುದು ಕಣೋ." ಸಾಲದ್ದಕ್ಕೆ ಗಾಜಿಗೆ ಇಳಿಜಾರೇ ಕೊಟ್ಟಿರಲಿಲ್ಲ. ಧೂಳು ನಿಂತಿತು, ನೀರು ನಿಂತಿತು, ಎರಡನೇ ಮಳೆಗಾಲಕ್ಕೆ ಸಿಲಿಕೋನ್ ಬಿಟ್ಟುಕೊಂಡು ತೊಟ್ಟಿಕ್ಕೋಕೆ ಶುರುವಾಯ್ತು.

ಫೋನ್ ಮಾಡಿದ ವಾರಕ್ಕೆ ಬಂದು ನೋಡಿದರು, ತಪ್ಪು ಒಪ್ಪಿಕೊಂಡರು. ಹೊಸ ಡ್ರಾಯಿಂಗ್‌ಗೆ ದುಡ್ಡು ತಗೊಳ್ಳಲಿಲ್ಲ. ಗಾಜಿನ ಸುತ್ತಲಿನ ಕಟ್ಟೆಯನ್ನು ಒಂದು ಅಡಿ ಎತ್ತರಿಸಿ, ಗಾಜಿಗೆ ಇಳಿಜಾರು ಕೊಟ್ಟು, ಎರಡು ಪಕ್ಕ ಗಾಳಿ ಹೋಗೋಕೆ ಲೂವರ್ ಇಟ್ಟು, ಮೇಲೆ ಕಬ್ಬಿಣದ ಪೈಪಿನ ಚೌಕಟ್ಟಿಗೆ ಶೇಡ್ ನೆಟ್ ಕಟ್ಟಿದ್ದಾಯ್ತು. ಸಾಮಾನು, ಕೂಲಿ ಸೇರಿ 38,000 ರೂಪಾಯಿ, ಅದು ಮಾತ್ರ ನಮ್ಮ ಜೇಬಿನಿಂದ. ಈಗ ಹಾಲ್ ಕೂರುವ ಹಾಗಿದೆ. ಮೊದಲೇ ಮಾಡಿದ್ದರೆ ಇದರ ಅರ್ಧದಲ್ಲಿ ಮುಗಿಯುತ್ತಿತ್ತು ಅಂತ ಮೇಸ್ತ್ರಿ ಹೇಳಿದ, ಅದನ್ನು ನನ್ನೆದುರಿಗೆ ಹೇಳದಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನೊಂದು ತಪ್ಪು ಚಿಕ್ಕದು, ಆದರೆ ಸುಮಾರು ಜನ ಮಾಡುತ್ತಾರೆ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಸಜ್ಜಾ ಬೇಡ ಅಂದಿದ್ದರು. ಅದು ಯುರೋಪಿನ ಪುಸ್ತಕದ ಮಾತು. ಇಲ್ಲಿ ಮೇ, ಜೂನ್‌ನಲ್ಲಿ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಮಹಡಿಯ ನನ್ನ ಕೆಲಸದ ಕೋಣೆಗೆ ಮೇ ತಿಂಗಳ ಸಂಜೆ ಓರೆ ಬಿಸಿಲು ಬಂದು ಲ್ಯಾಪ್‌ಟಾಪ್ ಪರದೆ ಕಾಣುವುದಿಲ್ಲ. ಅದೇ ದಕ್ಷಿಣದ ಬೆಡ್‌ರೂಮಿಗೆ ಹಾಕಿದ ಎರಡಡಿ ಸಜ್ಜಾ ಲೆಕ್ಕಾಚಾರದಲ್ಲಿ ಪಕ್ಕಾ. ಡಿಸೆಂಬರ್ ಮಧ್ಯಾಹ್ನ ನಾಲ್ಕಡಿ ಕಿಟಕಿಯ ಕೆಳಗಿನ ಒಂದೂಕಾಲು ಅಡಿಯಲ್ಲಿ ಮಾತ್ರ ಬಿಸಿಲು, ಏಪ್ರಿಲ್ ಮಧ್ಯಾಹ್ನ ಒಂದು ಗೆರೆಯೂ ಇಲ್ಲ. ದಕ್ಷಿಣಕ್ಕೆ ಇಷ್ಟು ಲೆಕ್ಕ ಹಾಕಿದವರು ಉತ್ತರಕ್ಕೆ ಯಾಕೆ ಹಾಕಲಿಲ್ಲವೋ.

ನಮ್ಮ ತಪ್ಪೂ ಒಂದಿದೆ, ಅದನ್ನು ಮುಚ್ಚಿಡಬಾರದು. ನೆಲಕ್ಕೆ ರೆಡ್ ಆಕ್ಸೈಡ್ ಹಾಕಿಸಿ, ನೆರಳು ಚೆನ್ನಾಗಿ ಕೂರುತ್ತದೆ ಅಂತ ಅವರು ಬೇಡಿಕೊಂಡರು. ನಾವು ಶೋರೂಮಿಗೆ ಹೋಗಿ ಹೊಳೆಯುವ ಬಿಳಿ ವಿಟ್ರಿಫೈಡ್ ಟೈಲ್ಸ್ ತಂದೆವು. ಮಧ್ಯಾಹ್ನ ಅದು ಕಣ್ಣಿಗೆ ಕುಕ್ಕುತ್ತದೆ, ಟಿವಿಯಲ್ಲಿ ನೆಲವೇ ಜಾಸ್ತಿ ಕಾಣುತ್ತದೆ.

ಇವರ ಹತ್ತಿರ ಹೋಗಬಹುದಾ ಅಂತ ಕೇಳಿದರೆ, ಹೋಗಿ ಅಂತೀನಿ. ಫೋನ್ ಮಾಡಿದರೆ ನಂಬರ್ ಕೊಡುತ್ತೇನೆ. ಫೋಟೋ ತೋರಿಸಿದಾಗ ಮಾತ್ರ ಒಂದು ಪ್ರಶ್ನೆ ಕೇಳಿ, ಏಪ್ರಿಲ್ ಮಧ್ಯಾಹ್ನ ಒಂದು ಗಂಟೆಗೆ ಇಲ್ಲಿ ನೆರಳು ಎಲ್ಲಿರುತ್ತದೆ ಅಂತ. ಪ್ಲಾನ್ ಮೇಲೆ ಪೆನ್ಸಿಲ್‌ನಲ್ಲಿ ಬರೆಸಿಕೊಳ್ಳಿ.

ಅಂದ ಹಾಗೆ, ಈ ಮಾರ್ಚ್‌ನಲ್ಲಿ ಅಮ್ಮ ನನ್ನನ್ನು ತಾರಸಿಗೆ ಹತ್ತಿಸಿ ಹದಿನೈದು ದಿನದ ಮಟ್ಟಿಗೆ ನೆಟ್ ಬಿಚ್ಚಿಸಿದರು. ಹಾಲ್ ಮಧ್ಯೆ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಾರೆ. ಕಾಗೆ ಕಾಯೋ ಕೆಲಸ ಇಲ್ಲವಂತೆ.