ರಿಸೆಪ್ಶನ್ ಕೌಂಟರ್‌ನ ಆಚೆ ಈಚೆ: 'ದಿ ವೈಟ್ ಲೋಟಸ್'

ಗಂಗಾವತಿ ಹತ್ತಿರದ ಸಾಣಾಪುರದ ಒಂದು ರಿಸಾರ್ಟ್‌ನಲ್ಲಿ ನಾನು ಐದು ವರ್ಷ ರಿಸೆಪ್ಶನ್ ಕೆಲಸ ಮಾಡಿದ್ದೇನೆ. ಒಂದು ಡಿಸೆಂಬರ್ ಕೊನೆಯ ವಾರ, ಗದ್ದೆಯ ಕಡೆ ಬಾಗಿಲು ಇರುವ ರೂಮನ್ನು ನಮ್ಮವರು ಇಬ್ಬರಿಗೆ ಬುಕ್ ಮಾಡಿಬಿಟ್ಟಿದ್ದರು. ತಪ್ಪು ನಮ್ಮದೇ. "ಕಂಪ್ಯೂಟರ್ ಕೈಕೊಟ್ಟಿತು ಅಂತ ಹೇಳಮ್ಮ" ಅಂದರು ಮ್ಯಾನೇಜರ್. ಹಾಗೇ ಹೇಳಿದೆ. ರೂಮು ಸಿಗದ ಮನುಷ್ಯ ಮೂರು ದಿನ, ದಿನಕ್ಕೆ ನಾಲ್ಕು ಸಲ ಬಂದು ಅದನ್ನೇ ಕೇಳಿದ. ನನ್ನ ಹೆಸರನ್ನು ಒಂದು ಸಲವೂ ಕೇಳಲಿಲ್ಲ.

'ದಿ ವೈಟ್ ಲೋಟಸ್' ಎಂಬ ಇಂಗ್ಲಿಷ್ ಟಿವಿ ಸರಣಿಯ ಮೊದಲ ಸೀಸನ್ ನೋಡುವಾಗ ಅದೇ ಜಗಳ ಕಣ್ಣೆದುರು ಬಂತು. ಹವಾಯಿಯ ಒಂದು ದುಬಾರಿ ಹೋಟೆಲ್. ಹನಿಮೂನ್‌ಗೆ ಬಂದ ಶೇನ್‌ಗೆ ಬೇಕಾದ 'ಪೈನಾಪಲ್ ಸೂಟ್' ಎಂಬ ರೂಮು ಸಿಕ್ಕಿಲ್ಲ. ಕೊಟ್ಟ ರೂಮೂ ಚೆನ್ನಾಗಿಯೇ ಇದೆ. ಆದರೂ ಅವನಿಗೆ ಸಮಾಧಾನ ಇಲ್ಲ. ಮ್ಯಾನೇಜರ್ ಆರ್ಮಂಡ್ ತಪ್ಪು ಒಪ್ಪಿಕೊಳ್ಳದೆ ನಗುನಗುತ್ತಾ ಸುಳ್ಳು ಹೇಳುತ್ತಾನೆ. ಒಂದು ರೂಮಿನ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನೀವೇ ನೋಡಿ. ಶುರುವಿನಲ್ಲೇ ವಿಮಾನ ನಿಲ್ದಾಣದಲ್ಲಿ ಹೆಣದ ಪೆಟ್ಟಿಗೆ ಕಾಣಿಸುತ್ತದೆ. ಯಾರದು ಅಂತ ತಿಳಿಯುವುದು ಕೊನೆಯ ಕಂತಿನಲ್ಲಿ.

ಬರೆದು ನಿರ್ದೇಶಿಸಿದವರು ಮೈಕ್ ವೈಟ್. ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ 2021ರಲ್ಲಿ ಬಂತು, 6 ಕಂತು. ಹವಾಯಿಯ ಮಾವಿ ದ್ವೀಪದಲ್ಲಿ, ಕೋವಿಡ್‌ನಿಂದ ಅತಿಥಿಗಳಿಲ್ಲದೆ ಮುಚ್ಚಿದ್ದ ನಿಜವಾದ ಹೋಟೆಲಿನಲ್ಲೇ ಶೂಟಿಂಗ್ ಮಾಡಿದರು. ಮರುವರ್ಷ ಅಮೆರಿಕದ ಟಿವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿ 10 ಬಂದವು.

ಶ್ರೀಮಂತರನ್ನು ಬೈಯುವ ಕಥೆಗಳು ಬೇಕಾದಷ್ಟಿವೆ. ಇದು ಬೈಯುವುದಿಲ್ಲ, ಅವರನ್ನು ಮಾತಾಡಲು ಬಿಡುತ್ತದೆ. ಮಾತಾಡುತ್ತಾ ಮಾತಾಡುತ್ತಾ ಅವರೇ ಬಯಲಾಗುತ್ತಾರೆ. ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ಎದೆ ಭಾರವಾಗುತ್ತದೆ.

ನನಗೆ ಜಾಸ್ತಿ ತಟ್ಟಿದ್ದು ಕೆಲಸಗಾರರ ಕಥೆ. ಮೊದಲ ಕಂತಿನಲ್ಲಿ ಲಾನಿ ಎಂಬ ಹುಡುಗಿ ಕೆಲಸಕ್ಕೆ ಸೇರಿದ ಮೊದಲ ದಿನ. ನೀನು ಯಾರು ಅಂತ ಅತಿಥಿಗಳಿಗೆ ಎದ್ದು ಕಾಣಬಾರದು ಎಂದು ಆರ್ಮಂಡ್ ಪಾಠ ಹೇಳುತ್ತಾನೆ. ಅವಳು ತುಂಬು ಗರ್ಭಿಣಿ. ಕೆಲಸ ಬೇಕು ಅಂತ ಮುಚ್ಚಿಟ್ಟಿದ್ದಾಳೆ. ಅಂದೇ ಹೆರಿಗೆ ನೋವು ಶುರುವಾಗುತ್ತದೆ. ದಿನವಿಡೀ ಪಕ್ಕದಲ್ಲೇ ಇದ್ದ ಆರ್ಮಂಡ್‌ಗೂ ಅದು ಗೊತ್ತಾಗಿರಲಿಲ್ಲ.

ಇನ್ನು ಬೆಲಿಂಡಾ. ಹೋಟೆಲಿನ ಸ್ಪಾ ನೋಡಿಕೊಳ್ಳುವವಳು. ತೀರಿಹೋದ ತಾಯಿಯ ಬೂದಿ ಹಿಡಿದು ಬಂದ ಟಾನ್ಯಾ ಎಂಬ ಸಿರಿವಂತೆ ಇವಳ ಆರೈಕೆಗೆ ಕರಗಿ, "ನಿನ್ನದೇ ಸ್ವಂತ ಜಾಗ ಮಾಡು, ದುಡ್ಡು ನಾನು ಹಾಕುತ್ತೇನೆ" ಎನ್ನುತ್ತಾಳೆ. ಬೆಲಿಂಡಾ ನಂಬುತ್ತಾಳೆ. ಕೂತು ಲೆಕ್ಕ ಹಾಕಿ ಕಾಗದ ತಯಾರು ಮಾಡುತ್ತಾಳೆ. ನತಾಶಾ ರಾಥ್‌ವೆಲ್ ಮುಖದಲ್ಲಿ ಆಸೆ ಏರುವುದು ನೋಡಲಿಕ್ಕೇ ಆಗುವುದಿಲ್ಲ. ಜೆನಿಫರ್ ಕೂಲಿಡ್ಜ್ ಮಾಡಿದ ಟಾನ್ಯಾ ಕೆಟ್ಟವಳಲ್ಲ, ಅದೇ ಇನ್ನೂ ಕಷ್ಟ.

ನಾನು ಇದನ್ನು ನೋಡಿದ್ದು ತಂಗಿಯ ಜೊತೆ. ಅವಳು ಈಗಲೂ ರಿಸಾರ್ಟ್ ಒಂದರಲ್ಲಿ ರೂಮು ಕ್ಲೀನ್ ಮಾಡುತ್ತಾಳೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಪಕ್ಕದಲ್ಲಿ ಕೂತು ನಾನು ಹೇಳುತ್ತಿದ್ದೆ. ಬೆಲಿಂಡಾ ಕಾಗದ ಹಿಡಿದು ಹೊರಟಾಗ ತಂಗಿ ಅಂದಳು: "ಅಕ್ಕಾ, ಆಕಿ ಕೊಡಂಗಿಲ್ಲ ನೋಡು." ಎರಡು ವರ್ಷದ ಹಿಂದೆ ಒಬ್ಬ ಅತಿಥಿ, ನಿನ್ನ ಮಗಳನ್ನು ನಾನು ಓದಿಸುತ್ತೇನೆ ಅಂತ ಅವಳ ಕೈ ಹಿಡಿದು ಹೇಳಿ ಹೋಗಿದ್ದರು. ಮಗಳ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಇನ್ನೂ ಟ್ರಂಕಿನಲ್ಲಿದೆ. ಫೋನ್ ಬರಲಿಲ್ಲ.

ಹೋಟೆಲಿನಲ್ಲಿ ಕೆಲಸ ಮಾಡುವ 'ಕೈ' ಎಂಬ ಹುಡುಗನ ಕಥೆಯೂ ಇದೆ. ಅವನ ಮನೆಯವರ ನೆಲದ ಮೇಲೆಯೇ ಆ ಹೋಟೆಲ್ ನಿಂತಿದೆ. ರಾತ್ರಿ ಅದೇ ಹೋಟೆಲಿನ ಅತಿಥಿಗಳ ಮುಂದೆ ಅವನು ಕುಣಿಯಬೇಕು. ನಾನಿದ್ದ ರಿಸಾರ್ಟ್ ಮೊದಲು ನೆಲ್ಲಿನ ಗದ್ದೆ. ಅಲ್ಲಿ ನಾಟಿ ಹಚ್ಚಿದ್ದ ಹೆಣ್ಣುಮಗಳೇ ಆಮೇಲೆ ಅಲ್ಲಿ ನೆಲ ಒರೆಸುತ್ತಿದ್ದಳು. ಈ ಹುಡುಗನ ಕಥೆಗೆ ಇನ್ನೂ ಜಾಗ ಕೊಡಬೇಕಿತ್ತು. ಅವನನ್ನು ಬೇಗ ಬಿಟ್ಟುಬಿಡುತ್ತಾರೆ, ಇದೊಂದು ನನಗೆ ಬೇಜಾರು.

ಮೊದಲ ಎರಡು ಕಂತು ನಿಧಾನ, ತಾಳ್ಮೆ ಇರಲಿ. ಡ್ರಗ್ಸ್, ಬೆತ್ತಲೆ ದೃಶ್ಯ ಇವೆ. ಮಕ್ಕಳು, ಅತ್ತೆ ಮಾವ ಇರುವಾಗ ಹಾಕಬೇಡಿ. ಸಂಗೀತ ಕ್ರಿಸ್ಟೋಬಾಲ್ ಟಾಪಿಯಾ ಡೆ ವೀರ್ ಅವರದು. ತಮಟೆಯಂಥ ಪೆಟ್ಟು, ನಡುವೆ ಪ್ರಾಣಿ ಕೂಗಿದಂಥ ದನಿ. ಏನೋ ಕೆಟ್ಟದ್ದು ಆಗುತ್ತದೆ ಅಂತ ಮೈ ಬಿಗಿಯಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ.

2022ರ ಎರಡನೇ ಸೀಸನ್ ಇಟಲಿಯ ಸಿಸಿಲಿ ದ್ವೀಪದಲ್ಲಿ, 7 ಕಂತು. ಅದರಲ್ಲಿ ಗಂಡ ಹೆಂಡತಿಯರ ಅನುಮಾನಗಳೇ ಜಾಸ್ತಿ. ನೋಡಲು ಚಂದ, ಆದರೆ ಮೊದಲನೆಯದರಷ್ಟು ನನಗೆ ಹತ್ತಿರ ಆಗಲಿಲ್ಲ. 2025ರ ಮೂರನೆಯದು ಥಾಯ್ಲೆಂಡಿನಲ್ಲಿ, 8 ಕಂತು, ಜಿಯೋಹಾಟ್‌ಸ್ಟಾರ್‌ನಲ್ಲಿ ನೋಡಿದೆ. ಪ್ರತಿ ಸೀಸನ್‌ಗೂ ಬೇರೆ ಹೋಟೆಲ್, ಬಹುಪಾಲು ಬೇರೆ ಜನ. ಆದರೂ ಮೊದಲನೆಯದರಿಂದಲೇ ಶುರು ಮಾಡಿ. ಯಾಕೆಂದರೆ ಮೂರನೆಯದರಲ್ಲಿ ಬೆಲಿಂಡಾ ಮತ್ತೆ ಬರುತ್ತಾಳೆ. ಈ ಸಲ ಅವಳ ಮುಂದೆಯೂ ದುಡ್ಡು ಬಂದು ನಿಲ್ಲುತ್ತದೆ.

ತಂಗಿಗೆ ಅದನ್ನು ಇನ್ನೂ ತೋರಿಸಿಲ್ಲ. ಶನಿವಾರ ಭಾನುವಾರ ಅವಳಿಗೆ ಬಿಡುವಿಲ್ಲ, ರಜೆ ಮಂಗಳವಾರ. ಬೆಲಿಂಡಾ ಮಾಡಿದ್ದು ಸರಿಯೋ ತಪ್ಪೋ ಅಂತ ಅವಳ ಬಾಯಿಂದ ಕೇಳಬೇಕು ನನಗೆ.