ಚಿತ್ರದುರ್ಗದ ಬೇಸಿಗೆಗೆ ಡೆಸರ್ಟ್ ಕೂಲರ್: ತಂಪೂ ಹೌದು, ನೀರಿನ ಖರ್ಚೂ ಹೌದು

ಅರವತ್ತು ಲೀಟರ್ ಟ್ಯಾಂಕಿನ ಡೆಸರ್ಟ್ ಕೂಲರ್ ಕೊಳ್ಳಬಹುದೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಚಿತ್ರದುರ್ಗದಲ್ಲಿ ಮಾರ್ಚ್‌ನಿಂದ ಮೇ ತನಕ ಇದು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಮಂಗಳೂರಿನಲ್ಲಿರುವ ನಾದಿನಿ ಕೇಳಿದಾಗ ಮಾತ್ರ ಖಂಡಿತ ಬೇಡ ಎಂದೆ. ಮೈಬೆವರೇ ಆರದ ಊರಿನಲ್ಲಿ ಕೂಲರಿನ ಪ್ಯಾಡು ಆರುವುದು ಹೇಗೆ?

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಹಾಗಾಗಿ ಈ ಯಂತ್ರವನ್ನು ನೋಡಿದಾಗಲೆಲ್ಲ ಆಸ್ಟ್ರೇಲಿಯಾದ ಕೆಂಪು ಕಾಂಗರೂ ನೆನಪಾಗುತ್ತದೆ. ಬಿಸಿಲು ಮಿತಿಮೀರಿದರೆ ಅದು ತನ್ನ ಮುಂಗೈಗಳನ್ನು ನೆಕ್ಕಿ ಒದ್ದೆ ಮಾಡಿಕೊಳ್ಳುತ್ತದೆ. ಅಲ್ಲಿ ಚರ್ಮಕ್ಕೆ ತಾಗಿದಂತೆಯೇ ರಕ್ತನಾಳಗಳ ದಟ್ಟ ಜಾಲವಿದೆ. ಜೊಲ್ಲು ಆವಿಯಾಗುತ್ತ ರಕ್ತದ ಶಾಖವನ್ನು ಎಳೆದುಕೊಳ್ಳುತ್ತದೆ. ಕೂಲರಿನಲ್ಲಿ ಜೊಲ್ಲಿನ ಬದಲು ಪಂಪು ಎತ್ತಿದ ನೀರು, ರಕ್ತದ ಬದಲು ಕಿಟಕಿಯ ಗಾಳಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಒಂದು ಕಿಲೋ ಮಂಜುಗಡ್ಡೆ ಕರಗಲು ಸಾಕಾಗುವುದು 334 ಮಾತ್ರ. ಅಂಗಡಿಯ ಹುಡುಗ ಐಸ್ ಹಾಕುವ ಖಾನೆಯನ್ನು ತೆರೆದು ತೆರೆದು ತೋರಿಸಿದ. ಫ್ರಿಜ್ಜಿನಲ್ಲಿ ಐಸ್ ಮಾಡಲು ಕರೆಂಟು ಸುಟ್ಟು, ಅದನ್ನು ತಂದು ಇದರೊಳಗೆ ಸುರಿಯುವುದು ಬುದ್ಧಿವಂತರ ಕೆಲಸವಲ್ಲ. ಆ ಖಾನೆಯಲ್ಲಿ ಈಗ ರಿಮೋಟ್ ಇಟ್ಟಿದ್ದೇವೆ.

ಆದರೆ ಕಾಂಗರೂ ಕೈ ನೆಕ್ಕುವುದು ಬೇರೆ ದಾರಿಗಳೆಲ್ಲ ಮುಗಿದ ಮೇಲೆ. ಹಗಲಿನ ಉರಿಯಲ್ಲಿ ಅದು ಮರದ ನೆರಳಿನಲ್ಲಿ ಬಿದ್ದುಕೊಂಡಿರುತ್ತದೆ, ಹೊತ್ತು ಇಳಿದ ಮೇಲೆ ಮೇಯಲು ಹೋಗುತ್ತದೆ. ಮರುಭೂಮಿಯ ಪ್ರಾಣಿಗಳಲ್ಲಿ ಹೆಚ್ಚಿನವು ಹೀಗೆಯೇ, ನೀರಿನ ವಿಷಯದಲ್ಲಿ ಮಹಾ ಜಿಪುಣರು. ಅರೇಬಿಯಾದ ಓರಿಕ್ಸ್ ಎಂಬ ಹುಲ್ಲೆ ಬೇಸಿಗೆಯಲ್ಲಿ ಮರದ ಕೆಳಗಿನ ಮಣ್ಣನ್ನು ಗೊರಸಿನಿಂದ ಕೆರೆದು ಗುಂಡಿ ಮಾಡಿಕೊಂಡು ಮಲಗುತ್ತದೆ, ಓಡಾಟವನ್ನು ರಾತ್ರಿಗೆ ಮುಂದೂಡುತ್ತದೆ. ಆಫ್ರಿಕಾದ ಕಲಹಾರಿಯಲ್ಲಿರುವ ನೆಲ ಅಳಿಲು ಬಾಲವನ್ನೇ ಬೆನ್ನ ಮೇಲೆ ಕೊಡೆಯಂತೆ ಹಿಡಿದು ಮೇಯುತ್ತದೆ. ನೀರು ಸಿಗದ ಒಂಟೆಯಂತೂ ಸೂರ್ಯನಿಗೆ ಮುಖಮಾಡಿ ಕುಳಿತು ಮೈಗೆ ಬೀಳುವ ಬಿಸಿಲನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಅಷ್ಟರ ಮೇಲೂ ಮೈ ಬಿಸಿಯಾದರೆ ಆಗಲಿ ಎಂದು ಬಿಡುತ್ತದೆ: ಬೆಳಗಿನ ಜಾವ 34 ಡಿಗ್ರಿಯ ಆಸುಪಾಸಿನಲ್ಲಿದ್ದ ಮೈ ಸಂಜೆಗೆ 40 ದಾಟಬಹುದು. ಬೆವರಿಗೆ ನೀರು ಸುರಿಯದೆ, ಆ ಶಾಖವನ್ನು ರಾತ್ರಿಯ ತಂಪಿಗೆ ಒಪ್ಪಿಸುತ್ತದೆ.

ನಮ್ಮದು ಮೇಲಂತಸ್ತಿನ ಮನೆ, ಬೀದಿಗೆ ನಲ್ಲಿ ನೀರು ದಿನವೂ ಬರುವುದಿಲ್ಲ. ಬೆಳಗಿನಿಂದಲೇ ಕೂಲರ್ ಹಚ್ಚಿದರೆ ಸಂಜೆಯೊಳಗೆ ಟ್ಯಾಂಕಿನ ತಳ ಕಾಣುತ್ತದೆ. ಪಡುವಣ ಕಿಟಕಿಗೆ ಹಸಿರು ನೆರಳು ಬಲೆ ಕಟ್ಟಿಸಿ, ಮಧ್ಯಾಹ್ನದ ಅಡುಗೆಯನ್ನೂ ಬೆಳಗ್ಗೆಯೇ ಮುಗಿಸತೊಡಗಿದ ಮೇಲೆ ಊಟದ ಹೊತ್ತಿನಿಂದ ಐದು ಗಂಟೆಯವರೆಗೆ ಓಡಿಸಿದರೆ ಸಾಕಾಗುತ್ತಿದೆ. ಅತ್ತೆಗೆ ಅದೂ ಬೇಡ. “ಈ ಭರ್ರೆನ್ನುವ ಸದ್ದು ನಿಮಗಿರಲಿ ತಾಯಿ, ನನಗೆ ನೆಲ ಸಾಕು” ಎಂದು ನಡುಮನೆಯ ಕಡಪ ಕಲ್ಲಿನ ಮೇಲೆ ಬರಿಮೈಯ ತೋಳು ಚಾಚಿ ಮಲಗುತ್ತಾರೆ. ಅಮೆರಿಕದ ನೈಋತ್ಯ ಮರುಭೂಮಿಗಳಲ್ಲಿ ಆಂಟಿಲೋಪ್ ನೆಲ ಅಳಿಲು ಎಂಬುದೊಂದಿದೆ. ಬಿಸಿಲಿನಲ್ಲಿ ಓಡಾಡಿ ಮೈ ಕಾದಾಗ ಬಿಲಕ್ಕೆ ಇಳಿದು ತಣ್ಣನೆಯ ಮಣ್ಣಿಗೆ ಹೊಟ್ಟೆ ಒತ್ತಿ ಮಲಗಿ, ಶಾಖ ಇಳಿಸಿಕೊಂಡು ಮತ್ತೆ ಹೊರಬೀಳುತ್ತದೆ. ಅದನ್ನು ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ.

ನಮ್ಮ ಯಜಮಾನರದು ಇನ್ನೊಂದು ತಕರಾರು: ತಂಪು ಹೊರಗೆ ಹೋಗುತ್ತದೆ ಎಂದು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚುವುದು. ಬಿಲದ ಬಾಯಿಗೆ ಮಣ್ಣು ತುಂಬಿ ಹಗಲು ಕಳೆಯುವುದು ಉತ್ತರ ಅಮೆರಿಕದ ಕಾಂಗರೂ ಇಲಿಗೆ ಸರಿ. ತಿಂದ ಕಾಳಿನಿಂದಲೇ ನೀರು ಹುಟ್ಟಿಸಿಕೊಂಡು ಬದುಕುವ ಅದಕ್ಕೆ ಬಿಲದೊಳಗಿನ ತೇವ ಬೇಕೇ ಬೇಕು. ಉಸಿರಿನೊಂದಿಗೆ ಹೋಗುವ ನೀರು ಅಷ್ಟರಮಟ್ಟಿಗೆ ಉಳಿಯುತ್ತದೆ. ಕೂಲರಿಗೆ ಅದೇ ತೇವ ಶತ್ರು. ಕೋಣೆ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಮೈ ಅಂಟಂಟಾಗುತ್ತದೆ. ಯಂತ್ರದ ಬೆನ್ನು ತೆರೆದ ಕಿಟಕಿಗೆ ತಾಗಿರಬೇಕು, ಎದುರು ಬಾಗಿಲು ಅರ್ಧವಾದರೂ ತೆರೆದಿರಬೇಕು. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಮಳೆಗಾಲದ ತೇವದ ಗಾಳಿಯಲ್ಲಿ ಪಂಪು ನಿಲ್ಲಿಸಿ ಬರೀ ಫ್ಯಾನಾಗಿ ಬಳಸಬಹುದು, ಅಷ್ಟೇ.

ಕರೆಂಟಿನ ಬಗ್ಗೆ ದೂರಿಲ್ಲ. ಇನ್ನೂರು ವ್ಯಾಟಿನ ಒಳಗಿದೆ, ಇನ್ವರ್ಟರಿನಲ್ಲೂ ಓಡುತ್ತದೆ. ಚಕ್ರಗಳು ಮಾತ್ರ ಕಳಪೆ. ಟ್ಯಾಂಕು ತುಂಬಿದ ಮೇಲೆ ಹೊಸ್ತಿಲು ದಾಟಿಸಲು ಇಬ್ಬರು ಬೇಕು. ಮೂರನೆಯ ವೇಗದಲ್ಲಿ ಟಿವಿ ಕೇಳಿಸುವುದಿಲ್ಲ.

ದೊಡ್ಡ ತಲೆನೋವು ಕೊಳವೆಬಾವಿಯ ಗಡಸು ನೀರು. ಆವಿಯಾಗಿ ಹೋಗುವುದು ನೀರಷ್ಟೇ, ಉಪ್ಪೆಲ್ಲ ಪ್ಯಾಡಿನಲ್ಲೂ ಟ್ಯಾಂಕಿನಲ್ಲೂ ಉಳಿದು ಬಿಳಿಯ ಪದರ ಕಟ್ಟುತ್ತದೆ. ವಾರಕ್ಕೊಮ್ಮೆ ತಳದ ನೀರನ್ನು ಪೂರ್ತಿ ಚೆಲ್ಲಿ ತೊಳೆಯಿರಿ. ಸೊಳ್ಳೆಯ ಮರಿಯೂ ಆಗುವುದಿಲ್ಲ. ಕೊಳ್ಳುವಾಗಲೇ ಒಂದು ಜೊತೆ ಹನಿಕೋಂಬ್ ಪ್ಯಾಡ್ ಹೆಚ್ಚಿಗೆ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲಿ ಹುಡುಕಿಕೊಂಡು ಹೋದರೆ “ಸ್ಟಾಕ್ ಬರಬೇಕು ಮೇಡಂ” ಎನ್ನುತ್ತಾರೆ.